ಗುಂಡುಪಿನ್ನು ತೆಗೆದು ಆಡಿದ ಮಾತು

ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆಯ ತುಟಿಗಳ ನಡುವೆ ಸದಾ ಮೂರು-ನಾಲ್ಕು ಗುಂಡುಪಿನ್ನುಗಳಿರುತ್ತಿದ್ದವು. ರಾಯಚೂರಿನ ನಮ್ಮ ಓಣಿಯ ಹೆಂಗಸರ ಕುಪ್ಪಸಗಳೆಲ್ಲ ಆಕೆಯ ಮಷಿನ್ನಿನಲ್ಲೇ ಹೊಲಿಗೆಯಾಗುತ್ತಿದ್ದವು. ಪಿನ್ನು ಕಚ್ಚಿಕೊಂಡೇ ಬೈಯುವಳು, ನಗುವಳು, ಹಾಲಿನವನೊಡನೆ ಜಗಳವಾಡುವಳು. ಪಿನ್ನು ತೆಗೆದು ಪಕ್ಕಕ್ಕಿಟ್ಟಳೆಂದರೆ ಮಾತ್ರ ನಾನು ಮೈಯೆಲ್ಲ ಕಿವಿಯಾಗುತ್ತಿದ್ದೆ.

ನನ್ನ ಹೆಂಡತಿ ಎರಡನೆಯ ಹೆರಿಗೆಯಲ್ಲಿ ರಕ್ತ ಹೋಗಿ ತೀರಿಕೊಂಡಳು; ಕೂಸೂ ಉಳಿಯಲಿಲ್ಲ. ಆಗಿನ್ನೂ ಐದು ವರ್ಷದ ಮಗಳು ಆ ಹಾಸಿಗೆಯನ್ನು ನೋಡಿಬಿಟ್ಟಿದ್ದಳು. ಅಂದಿನಿಂದ ಮೊಣಕಾಲು ತರಚಿದರೂ "ಅಪ್ಪಾ, ನಾ ಸಾಯ್ತೀನೇನು?" ಎಂದು ಕೇಳುವಳು. ಮನೆಯಲ್ಲಿ ನಾವಿಬ್ಬರೇ. ಹತ್ತಿ ಮಾರುಕಟ್ಟೆಯಿಂದ ನಾನು ಬರುವವರೆಗೆ ಅವಳು ಖಾಲಾಳ ಮಷಿನ್ನಿನ ಬುಡದಲ್ಲಿ ಬಟ್ಟೆಯ ಚೂರು ಆರಿಸುತ್ತ ಕೂತಿರುತ್ತಿದ್ದಳು.

ಮಗಳಿಗೆ ಹತ್ತು ತುಂಬಿದ ವರ್ಷ ಖಾಲಾ ಪಿನ್ನು ತೆಗೆದಿಟ್ಟಳು.

"ತಮ್ಮಾ, ಹುಡುಗಿ ಇನ್ನೇನು ದೊಡ್ಡಾಕಿ ಆಗ್ತಾಳ. ಏನರ ಹೇಳಿಯೇನು?"

"ಅರಕೇರಾದಿಂದ ನಮ್ಮಕ್ಕ ಬಂದು ಹೇಳ್ತಾಳ ಬಿಡ್ರಿ."

"ಆಕಿ ಬಸ್ಸು ಹತ್ತಿ ಬರೂದ್ರಾಗ ಈ ಕೂಸು ಅಂಜಿ ಅರ್ಧ ಆಗಿರ್ತದ. ರಕ್ತ ಕಂಡ್ರ ಸಾವು ಅನ್ನೂ ಹುಡುಗಿ ಇದು."

ಮರುದಿನ ನನ್ನನ್ನೇ ಔಷಧಿ ಅಂಗಡಿಗೆ ಅಟ್ಟಿದಳು. ಅಂಗಡಿಯವನು ಪೇಪರಿನಲ್ಲಿ ಸುತ್ತಿ ಕೊಟ್ಟ ಪ್ಯಾಡಿನ ಪೊಟ್ಟಣವನ್ನು ಅಂಗಿಯೊಳಗೆ ಅಡಗಿಸಿ ತಂದೆ. "ಕಳುವಿನ ಮಾಲೇನು?" ಎಂದು ನಕ್ಕು, ಮಗಳ ಮುಂದೆಯೇ ಬಿಚ್ಚಿದಳು. ಹಳೆಯ ಚಡ್ಡಿಯೊಂದಕ್ಕೆ ಅಂಟಿಸಿ ತೋರಿಸಿದಳು. ನಾನು ಬಾಗಿಲಲ್ಲೇ ನಿಂತು ನೆಲ ನೋಡುತ್ತಿದ್ದೆ.

"ಬೇಟಿ, ಎಲ್ಲಾ ರಕ್ತ ಗಾಯದ್ದಲ್ಲ. ಇದು ಬರ್ತದ, ನಿಲ್ತದ, ನೀ ಆಡ್ಕೋತ ಇರ್ತಿ. ಬಂದ ದಿನ ಮೊದಲ ನನ್ನ ಬಾಗಲಾ ಬಡಿ."

ಆಮೇಲೆ ನನ್ನ ಕಡೆ ತಿರುಗಿದಳು. ಮೈನೆರೆದ ಮಗಳ ಮುಖವನ್ನು ಆರತಿಯಾಗುವವರೆಗೆ ಅಪ್ಪ ನೋಡಬಾರದೆಂಬ ನಮ್ಮ ಮನೆತನದ ಪದ್ಧತಿ ಆಕೆಗೆ ಗೊತ್ತಿತ್ತು.

"ಮನ್ಯಾಗ ಇರೋರು ಇಬ್ಬರ. ನೀ ಮಾರಿ ತಿರುವಿದ್ರ ಆಕಿ ಯಾರ ಮಾರಿ ನೋಡ್ಬೇಕು?"



ಕಳೆದ ಚಳಿಗಾಲದಲ್ಲಿ ಖಾಲಾ ಎದೆನೋವೆಂದು ಮಲಗಿದವಳು ಏಳಲಿಲ್ಲ. ಮಾನ್ವಿಯಿಂದ ಆಕೆಯ ತಮ್ಮ ಬಂದು ಮಷಿನ್ನು ಒಯ್ದು, ಮನೆಗೆ ಬೀಗ ಹಾಕಿದ. ಹೆಂಡತಿ ಹೋದಾಗಲೂ ಆಗದಷ್ಟು ಒಂಟಿ ನಾನಾದೆ. ಆಗ ಗೋಡೆಯಾಚೆ ಮಷಿನ್ನಿನ ಸದ್ದಾದರೂ ಇತ್ತು.

ಈ ಬೇಸಿಗೆಯ ಒಂದು ಸಂಜೆ ಬಂದು ನೋಡಿದರೆ, ಮಗಳು ಆ ಬೀಗದ ಬಾಗಿಲ ಮುಂದೆ ಮೆಟ್ಟಿಲ ಮೇಲೆ ಕೂತಿದ್ದಳು.

"ಅಪ್ಪಾ, ಬಂದದ. ಪ್ಯಾಡ್ ಇಟ್ಕೊಂಡೀನಿ. ಬಾಗಲಾ ಬಡಿ ಅಂದಿದ್ಲಲ್ಲ ಖಾಲಾ, ಬಡದೀನಿ."

ಅಕ್ಕನಿಗೆ ಫೋನು ಮಾಡಿದೆ. "ಮುಂಜಾನಿ ಬಸ್ಸಿಗೆ ಬರ್ತೀನಿ. ಅಲ್ಲೀತನಕ ಆಕಿ ಮಾರಿ ನೋಡಬ್ಯಾಡ" ಎಂದಳು. ಮಗಳಿಗೂ ಕೇಳಿಸಿತು. ಸುಮ್ಮನೆ ಗೋಡೆಯ ಕಡೆ ತಿರುಗಿ ಕೂತಳು.

ಅದೇ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತೆ. ಗದ್ದ ಹಿಡಿದು ಮುಖವನ್ನು ನನ್ನ ಕಡೆ ತಿರುಗಿಸಿಕೊಂಡೆ. ಅವಳು ಅತ್ತಿರಲಿಲ್ಲ. ಸಾಯ್ತೀನೇನು ಎಂದೂ ಕೇಳಲಿಲ್ಲ.

"ಖಾಲಾ ಇರಬೇಕಿತ್ತಲ್ಲಪ್ಪಾ," ಎಂದಳು.

"ಹೂಂ," ಎಂದೆ. ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.