ದ್ವೀಪಕ್ಕೆ ಎಣ್ಣೆ ಬತ್ತಿ

ನಮ್ಮ ಅಡುಗೆಮನೆಯಲ್ಲಿ ಈ ವರ್ಷ ತೂಗುಹಾಕಿರುವ ಕ್ಯಾಲೆಂಡರಿನಲ್ಲಿ ಒಂದು ದ್ವೀಪವಿದೆ. ನೀಲಿ ಸಮುದ್ರ, ಬಾಗಿದ ತೆಂಗಿನಮರ, ಮರಳಿನ ಮೇಲೆ ಆರಾಮಾಗಿ ಕುಳಿತ ಗಂಡ ಹೆಂಡತಿ, ಮುಂದೆ ಬಕೆಟ್ಟು ಹಿಡಿದ ಇಬ್ಬರು ಮಕ್ಕಳು. ಔಷಧಿ ಅಂಗಡಿಯವರು ಕೊಟ್ಟದ್ದು. ಮಾತ್ರೆಗೂ ದ್ವೀಪಕ್ಕೂ ಏನು ಸಂಬಂಧವೋ ಅವರಿಗೇ ಗೊತ್ತು. ಅದನ್ನು ನೋಡಿದರೆ ನಿಮಗೆ ಸಮುದ್ರದ ಗಾಳಿ ನೆನಪಾಗಬಹುದು. ನನಗೆ ಮಾತ್ರ ಎಳ್ಳೆಣ್ಣೆಯ ವಾಸನೆ ಬರುತ್ತದೆ. ನಗಬೇಡಿ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ ಹೇಳಬೇಕಾಗುತ್ತದೆ.

ನಮ್ಮೂರು ಬೈರಕೂರಿನಿಂದ ಆಚೆ, ಆಂಧ್ರದ ಗಡಿಯ ಕಡೆಗೆ. ಎಮ್ಮೆಯನ್ನು ಕನ್ನಡದಲ್ಲಿ ಕರೆದು, ಬರದಿದ್ದರೆ ತೆಲುಗಿನಲ್ಲಿ ಬೈಯುವ ಊರು. ಊರ ಮುಂದೆ ದೊಡ್ಡ ಕೆರೆ. ಕೆರೆಯ ನಡುವೆ ಒಂದು ದಿಬ್ಬ. ನಾಲ್ಕು ಬಂಡೆ, ಮೂರು ಹೊಂಗೆಮರ. ಮಳೆ ಕೈಕೊಟ್ಟ ವರ್ಷ ಅಲ್ಲಿ ಮೇಕೆ ಮೇಯುತ್ತಿದ್ದವು, ಆಗ ಅದನ್ನು ದಿಬ್ಬವೆನ್ನಬೇಕು. ಕೆರೆ ಕೋಡಿ ಬಿದ್ದ ವರ್ಷ ಮಾತ್ರ ಅದಕ್ಕೆ ದ್ವೀಪದ ಪದವಿ. ಆ ಪದವಿ ಕೊಟ್ಟವರು ನಮ್ಮಪ್ಪ. ಮುಳಬಾಗಿಲಿನ ಸ್ಕೂಲಿನಲ್ಲಿ ಮೇಷ್ಟ್ರು, ಭೂಗೋಳ ಹೇಳಿಕೊಡುತ್ತಿದ್ದರು. ಊರಿನ ತಿಪ್ಪೆಯನ್ನು ನೋಡಿದರೂ ಅದು ಪ್ರಸ್ಥಭೂಮಿಯೋ ಪರ್ವತವೋ ಎಂದು ಯೋಚಿಸುವ ಜಾತಿ.

ಎಪ್ಪತ್ತರ ದಶಕದ ಕೊನೆಯ ಮಾತಿದು. ಆಗ ಮನೆಯಿಂದ ಹೊರಗೆ ಹೋಗಬೇಕಾದರೆ ಕಾರಣ ಬೇಕಿತ್ತು. ಕೋಲಾರಕ್ಕೆ ಹೋದರೆ ಆಸ್ಪತ್ರೆ ಅಥವಾ ಕೋರ್ಟು. ಮಾಲೂರಿಗೆ ಹೋದರೆ ಬೀಗರ ಮನೆಯ ಮದುವೆ. ಶ್ರೀನಿವಾಸಪುರದಲ್ಲಿ ದೊಡ್ಡಪ್ಪನ ಮಾವಿನ ತೋಪಿತ್ತು, ಅಲ್ಲಿಗೂ ಕೊಯ್ಲಿನ ಕಾಲದಲ್ಲಿ ದುಡಿಯಲು ಹೋಗುತ್ತಿದ್ದೆವೇ ಹೊರತು ನೆರಳಿಗೆ ಕೂರಲು ಅಲ್ಲ. ಇನ್ನು ಅಮ್ಮನಿಗಂತೂ ಹೊಸಿಲು ದಾಟಲು ರೇಷ್ಮೆಹುಳುವಿನ ಅಪ್ಪಣೆಯೂ ಬೇಕಿತ್ತು. ಹಗಲು ರಾತ್ರಿಯೆನ್ನದೆ ಅವಕ್ಕೆ ಸೊಪ್ಪು ಹಾಕಬೇಕು. ಅವು ಮೇಯುವ ಸದ್ದು ನಮ್ಮ ಹೆಂಚಿನ ಮೇಲೆ ಸದಾ ತುಂತುರು ಬಿದ್ದ ಹಾಗೆ. ನಡುನಡುವೆ ಹುಳು ಪೊರೆ ಬಿಡಲು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿಕೊಂಡು ಒಂದು ದಿನ ಮಲಗಿಬಿಡುತ್ತದೆ. ಅದಕ್ಕೆ ನಮ್ಮ ಕಡೆ 'ಜ್ವರ' ಎನ್ನುತ್ತಾರೆ. ಹುಳುವಿಗೆ ಜ್ವರ ಬಂದರೆ ಅಮ್ಮನಿಗೆ ರಜೆ. ರಜೆ ಎಂದರೆ ಏನು, ಹುಳುವಿನ ಕೆಲಸ ಬಿಟ್ಟು ಮನೆಯ ಕೆಲಸ.

ಒಂದು ಸಂಜೆ ಅಪ್ಪ ಯಾವುದೋ ಪತ್ರಿಕೆಯಿಂದ ಜೋರಾಗಿ ಓದಿ ಹೇಳುತ್ತಿದ್ದರು. ದೂರದ ಬಿಸಿಲುನಾಡಿನ ದ್ವೀಪವೊಂದರಲ್ಲಿ ಮಕ್ಕಳಿರುವ ಸಂಸಾರಗಳು ಭಾನುವಾರ ಹೇಗೆ ಕಳೆಯುತ್ತವೆ ಎಂಬ ಲೇಖನ. ಮಕ್ಕಳು ಕಪ್ಪೆಚಿಪ್ಪು ಆರಿಸುತ್ತಾರೆ, ಗಂಡಸರು ಮೀನು ಸುಡುತ್ತಾರೆ.

"ಆ ಹೆಂಗಸರು ಏನ್ ಮಾಡ್ತಾರಂತೆ?" ಸೊಪ್ಪು ಹೆಚ್ಚುತ್ತಿದ್ದ ಅಮ್ಮ ಕೇಳಿದಳು.

"ಏನೂ ಮಾಡಲ್ವಂತೆ. ಸುಮ್ನೆ ನೀರು ನೋಡ್ಕೊಂಡು ಕೂತಿರ್ತಾರಂತೆ."

ಅಮ್ಮನ ಕೈಯ ಕತ್ತಿ ನಿಂತಿತು. "ರೀ, ಅದನ್ನ ಇನ್ನೊಂದ್ಸಲ ಓದಿ," ಅಂದಳು.

ಅಪ್ಪ ಓದಿದರು. ಓದಿ ಮುಗಿಸಿ ಅಮ್ಮನ ಮುಖ ನೋಡಿದರು. ನಮ್ಮಪ್ಪ ಹೆಂಡತಿಗೆ ಸೀರೆ ತಂದವರಲ್ಲ, ಹೂವು ತಂದವರಲ್ಲ. ಆ ಕ್ಷಣ ಮಾತ್ರ ಅವಳಿಗೆ ಒಂದು ದ್ವೀಪ ಕೊಡಿಸಬೇಕೆಂದು ತೀರ್ಮಾನಿಸಿದರು. ಆ ವರ್ಷ ಕೆರೆ ತುಂಬಿತ್ತು, ಕಾರ್ತೀಕ ಮಾಸ, ಬರುವ ಭಾನುವಾರಕ್ಕೆ ಸರಿಯಾಗಿ ಹುಳು ನಾಲ್ಕನೇ ಜ್ವರಕ್ಕೆ ಕೂರುವುದಿತ್ತು. ಎಲ್ಲ ಕೂಡಿಬಂದಿತ್ತು, ಒಂದನ್ನು ಬಿಟ್ಟು. ಅಜ್ಜಿ ಒಪ್ಪಬೇಕಿತ್ತು.

ಅಜ್ಜಿ ಅಂದರೆ ಅಪ್ಪನ ತಾಯಿ, ಮನೆಯ ಸರ್ಕಾರ. ಸುಮ್ಮನೆ ಕುಳಿತ ಹೆಂಗಸನ್ನು ಕಂಡರೆ ಅವಳಿಗೆ ಮೈಯೆಲ್ಲ ತುರಿಕೆ. ಅಪ್ಪ ಗಂಟಲು ಸರಿಮಾಡಿಕೊಂಡು ಅವಳ ಮುಂದೆ ನಿಂತರು.

"ಅಮ್ಮಾ, ಭಾನುವಾರ ನಾವೆಲ್ಲ ದ್ವೀಪಕ್ಕೆ ಹೋಗಿ ಬರ್ತೀವಿ."

"ದೀಪಕ್ಕಾ?" ಅಜ್ಜಿಯ ಮುಖ ಅರಳಿತು. "ಒಳ್ಳೇ ಕೆಲ್ಸ ಕಣೋ. ಕಾರ್ತೀಕದಲ್ಲಿ ದೀಪ ಹಚ್ಚಿದ್ರೆ ಪುಣ್ಯ. ಯಾವ ದೇವರಿಗೆ?"

ಅಪ್ಪ ತಿದ್ದಲು ಬಾಯಿ ತೆರೆದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಅವರನ್ನೇ ನೋಡುತ್ತಿದ್ದಳು. ಅಪ್ಪ ಬಾಯಿ ಮುಚ್ಚಿದರು. ಆಮೇಲೆ ಮೆಲ್ಲಗೆ, "ಕೆರೆ ಮಧ್ಯದ್ದು," ಅಂದರು. ಸುಳ್ಳಲ್ಲವಲ್ಲ!

ಇಲ್ಲಿ ನನ್ನ ಘನಂದಾರಿ ಕೆಲಸವನ್ನೂ ಹೇಳಬೇಕು. ಮೇಷ್ಟ್ರ ಮಗಳು ನಾನು, ಒತ್ತಕ್ಷರದಲ್ಲಿ ಪಂಡಿತೆ. "ಅಜ್ಜೀ, ದೀಪ ಅಲ್ಲ, ದಕ್ಕೆ ವ ಒತ್ತು ಕೊಟ್ಟು..." ಎಂದು ಶುರುಮಾಡಿದ್ದೆ. ಮಾತು ಮುಗಿಯುವ ಮೊದಲೇ ಅಮ್ಮ ನನ್ನ ಬಾಯಿಗೆ ಒಂದು ದಪ್ಪ ಬೆಲ್ಲದ ಅಚ್ಚು ತುರುಕಿದಳು. ವಿದ್ಯೆಗೆ ಅಷ್ಟು ಸಿಹಿಯಾದ ಬಹುಮಾನ ನನಗೆ ಮತ್ತೆಂದೂ ಸಿಕ್ಕಿಲ್ಲ.

ಅಷ್ಟರಲ್ಲಿ ಅಜ್ಜಿ ಹತ್ತಿ ಬುಟ್ಟಿಗೆ ಕೈಹಾಕಿ ಹೇಳಿದಳು: "ಬತ್ತಿ ಹೊಸೀತೀನಿ. ನಾನೂ ಬರ್ತೀನಿ."

ಅಮ್ಮನ ಮುಖ ಬಾಡಿತು. ಅತ್ತೆಯ ಎದುರಿಗೆ ನೀರು ನೋಡಿಕೊಂಡು ಕೂರುವ ಸೊಸೆ ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಭಾನುವಾರ ಮೀನು ಹಿಡಿಯುವವರ ತೆಪ್ಪದಲ್ಲಿ ಹೊರಟೆವು. ತೆಪ್ಪ ಅಂದರೆ ದೊಡ್ಡ ಬಿದಿರು ಮಂಕರಿಗೆ ಟಾರು ಬಳಿದದ್ದು, ಅಷ್ಟೇ. ಅದು ಗಿರ್ರನೆ ಒಂದು ಸುತ್ತು ತಿರುಗಿದಾಗ ನನ್ನ ತಮ್ಮ ಕಿರುಚಿದ, ಅಜ್ಜಿ ಏಳು ಬೆಟ್ಟದ ದೇವರನ್ನು ತೆಲುಗಿನಲ್ಲಿ ಕರೆದಳು, ಅವಳ ಮಡಿಲಲ್ಲಿದ್ದ ಎಣ್ಣೆ ಬಾಟಲಿಯ ಬಟ್ಟೆಬಿರಡೆ ಕಳಚಿತು. ನನ್ನ ಲಂಗ, ಚಿತ್ರಾನ್ನದ ಗಂಟು, ಅಪ್ಪನ ಪಂಚೆ, ಎಲ್ಲದಕ್ಕೂ ಎಳ್ಳೆಣ್ಣೆಯ ಅಭಿಷೇಕ. ಈಗ ಗೊತ್ತಾಯಿತಲ್ಲ, ಕ್ಯಾಲೆಂಡರು ನೋಡಿದರೆ ಯಾಕೆ ಆ ವಾಸನೆ ಬರುತ್ತದೆಂದು.

ದಿಬ್ಬದ ಮೇಲೆ ಇಳಿದ ಅಜ್ಜಿ ಸೆರಗು ಬಿಗಿದು ದೇವರನ್ನು ಹುಡುಕತೊಡಗಿದಳು. ಬಂಡೆಯ ಹಿಂದೆ ನೋಡಿದಳು, ಹೊಂಗೆಮರದ ಬುಡದಲ್ಲಿ ನೋಡಿದಳು. ಸಿಕ್ಕಿದ್ದು ಹಳೆಯ ಮೇಕೆಹಿಕ್ಕೆ.

"ಎಲ್ಲೋ ದೇವರು?"

ಅಪ್ಪನಿಗೆ ತಿಳಿದಿದ್ದು ಪಾಠ ಮಾಡುವುದೊಂದೇ. "ಅಮ್ಮಾ, ದ್ವೀಪ ಅಂದ್ರೆ ಸುತ್ತಲೂ ನೀರಿನಿಂದ..."

"ನೀರು ನಂಗೂ ಕಾಣ್ತದೆ ಕಣೋ. ದೇವರೆಲ್ಲಿ ಅಂದೆ!"

ಅಪ್ಪ ತೆಪ್ಪದ ಕಡೆ ನೋಡಿದರು. ಅದು ಆಗಲೇ ಅರ್ಧ ಕೆರೆ ದಾಟಿತ್ತು, ಸಂಜೆಗೇ ಮತ್ತೆ ಬರುವುದು. ಆಗ ಅಮ್ಮ ಮಾತಾಡಿದಳು. ಅತ್ತೆಯ ಮುಖ ನೋಡಿ ಅವಳು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ದೇವರಿಲ್ಲ ಅತ್ತಮ್ಮ. ನಾನು ಸುಮ್ನೆ ಕೂತ್ಕೊಳೋಕೆ ಬಂದೆ."

"ಏಮಿ?" ಅಜ್ಜಿಗೆ ಕೋಪ ಬಂದರೆ ತೆಲುಗೇ ಮೊದಲು. "ಕೂತ್ಕೊಳೋಕೆ ಇಷ್ಟು ದೂರ ಬರಬೇಕಾ? ಮನೇಲಿ ಜಗಲಿ ಇಲ್ವಾ?"

"ಜಗಲಿ ಮೇಲೆ ನಾನು ಯಾವತ್ತು ಕೂತಿದೀನಿ, ಅತ್ತಮ್ಮ?"

ಅವಳ ದನಿಯಲ್ಲಿ ಜಗಳವಿರಲಿಲ್ಲ. ನಿಜವಾಗಿ ನೆನಪಿಸಿಕೊಳ್ಳಲು ನೋಡುತ್ತಿದ್ದ ಹಾಗಿತ್ತು. ಅಜ್ಜಿ ಕೂಡ ನೆನಪಿಸಿಕೊಳ್ಳಲು ನೋಡಿದಳೆಂದು ಕಾಣುತ್ತದೆ. ಅಜ್ಜಿ ಮುನಿಸಿಕೊಂಡರೆ ಅಮ್ಮನ ಪಾಲಿಗೆ ಈ ದಿನವೂ ಹೋಯಿತು, ಇನ್ನು ಮುಂದಿನ ಎಲ್ಲ ದಿನಗಳೂ ಹೋದವು.

ಅಜ್ಜಿ ಮುಖ ತಿರುಗಿಸಿ ನಿಂತಳು. ತಿರುಗಿಸಿದ ಕಡೆ ನಮ್ಮೂರು ಇತ್ತು. ಆ ಕೆರೆಯಲ್ಲಿ ಬಟ್ಟೆ ಒಗೆದು, ಎಮ್ಮೆ ತೊಳೆದು ಮುದುಕಿಯಾದವಳು ಅವಳು. ಊರನ್ನು ನೀರಿನ ನಡುವಿನಿಂದ ನೋಡಿದ್ದು ಅದೇ ಮೊದಲು. ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

"ಆ ಹುಣಸೆಮರದ ಪಕ್ಕದ್ದು ನಮ್ಮನೇನಾ?"

"ಹೂಂ, ಅತ್ತಮ್ಮ."

"ಇಷ್ಟೇನಾ!" ಅಜ್ಜಿ ಬೆರಗಾದಳು. "ಇಷ್ಟೇ ಇಷ್ಟು ಮನೇಗೆ ಅಷ್ಟೊಂದು ಕೆಲ್ಸಾನಾ!"

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅಜ್ಜಿಯೂ ನಕ್ಕಳು, ಬೊಚ್ಚುಬಾಯಿ ಪೂರಾ ತೆರೆದು. ನಗುತ್ತಲೇ ಬಂಡೆಗೆ ಒರಗಿ ಕುಳಿತು ಪಕ್ಕದ ಜಾಗ ತಟ್ಟಿದಳು. "ಬಾರಮ್ಮ, ಕೂತ್ಕೋ. ಹೆಂಗಿರ್ತದೆ ನೋಡಾನ."

ಊಟದ ಹೊತ್ತಿಗೆ ಅಭ್ಯಾಸಬಲದಿಂದ ಅಮ್ಮ ಏಳಹೋದಳು. ಅಜ್ಜಿ ಅವಳ ಮೊಣಕಾಲು ಒತ್ತಿ ಹಿಡಿದು ಮಗನಿಗೆ ಗದರಿದಳು: "ಏನೋ ನೋಡ್ತಾ ನಿಂತಿದೀಯಾ? ಬಡಿಸು." ಸೌಟು ಗಂಟಿನಲ್ಲೇ ಇದ್ದರೂ ಕಾಣದೆ ನಮ್ಮ ಭೂಗೋಳದ ಮೇಷ್ಟ್ರು ಲೋಟದಲ್ಲಿ ಚಿತ್ರಾನ್ನ ತೋಡಿ ಬಡಿಸಿದರು. ಎಳ್ಳೆಣ್ಣೆ ಹೊಡೆಯುತ್ತಿದ್ದ ಆ ಅನ್ನವನ್ನು ಅಮ್ಮ ಎರಡು ಸಲ ಹಾಕಿಸಿಕೊಂಡಳು. ಅವಳು ಬಡಿಸಿಕೊಂಡು ಉಂಡದ್ದನ್ನು ನೋಡಿ ನನಗೆ ಯಾಕೋ ಬಹಳ ಸಂತೋಷವಾಯಿತು.

ಸಂಜೆ, ಚೆಲ್ಲದೆ ಉಳಿದ ಎಣ್ಣೆಯನ್ನು ವಾಪಸ್ ಒಯ್ಯಬಾರದೆಂದು ಅಜ್ಜಿ ಬಂಡೆಯ ಸಂದಿಯಲ್ಲಿ ಒಂದು ದೀಪ ಹಚ್ಚಿಟ್ಟಳು. ಮರುದಿನ ಬಾವಿಕಟ್ಟೆಯಲ್ಲಿ ಹೆಂಗಸರು ಅಜ್ಜಿಯನ್ನು ಸುತ್ತುವರಿದು, ಕೆರೆಯ ನಡುವೆ ಅದೇನು ದೀಪವೆಂದು ಕೇಳಿದರು. ನಾನು ಬಿಂದಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅಜ್ಜಿ ಹೇಳಿದ್ದು ಇಷ್ಟು:

"ಭಾರಿ ಶಕ್ತಿ ಕಣ್ರೇ ಆ ದೀಪಕ್ಕೆ. ಆದ್ರೆ ನೇಮ ಬಲು ಕಷ್ಟ. ಅಲ್ಲಿಗೆ ಹೋದ ಹೆಂಗಸು ಹೊತ್ತು ಮುಳುಗೋವರ್ಗೂ ಒಂದು ಕೆಲ್ಸಾನೂ ಮುಟ್ಟಂಗಿಲ್ಲ. ಗಂಡಸರೇ ಬಡಿಸಬೇಕು, ಗಂಡಸರೇ ತಟ್ಟೆ ತೊಳೀಬೇಕು. ತಪ್ಪಿದ್ರೆ ನಾನು ಜವಾಬ್ದಾರಳಲ್ಲ."

ಮುಂದಿನ ಭಾನುವಾರ ಎರಡು ಮನೆಯವರು ಹೋದರು. ಆಮೇಲೆ ಕೆರೆ ತುಂಬಿದ ವರ್ಷವೆಲ್ಲ ಊರಿನ ಸೊಸೆಯಂದಿರಿಗೆ ದೀಪದ ಮೇಲೆ ಭಕ್ತಿ ಉಕ್ಕತೊಡಗಿತು. ಎಂಬತ್ತರ ದಶಕದಲ್ಲಿ ನನಗೆ ಮದುವೆಯಾಗಿ ಕೋಲಾರ ಸೇರುವ ತನಕ ನಮ್ಮನೆಯ ಅತ್ತೆ ಸೊಸೆ ಅಂಥ ಒಂದು ವರ್ಷವೂ ತಪ್ಪಿಸಲಿಲ್ಲ. ಹೋಗುವ ಮುನ್ನ ಇಬ್ಬರೂ ಸೇರಿ ಹುಳುವಿನ ತಟ್ಟೆಗೆ ಬಗ್ಗಿ ಜ್ವರ ಬಂತೇ ಎಂದು ನೋಡುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದೆ. ಈಗ ಅಜ್ಜಿಯೂ ಇಲ್ಲ, ಅಮ್ಮನೂ ಇಲ್ಲ.

ಕ್ಯಾಲೆಂಡರು ನೋಡಿ ನೋಡಿ ತಡೆಯಲಾರದೆ ಹೋದ ಭಾನುವಾರ ನಾನೊಬ್ಬಳೇ ಆ ದಿಬ್ಬಕ್ಕೆ ಹೋಗಿದ್ದೆ. ಕೆರೆ ತುಂಬಿದೆ. ಬಂಡೆಯ ಸಂದಿ ಎಣ್ಣೆ ಕುಡಿದು ಕರ್ರಗಾಗಿದೆ. ಹೊಂಗೆಯ ನೆರಳಲ್ಲಿ ಒಂದು ಸಂಸಾರ ಕುಳಿತಿತ್ತು. ಚಿಕ್ಕ ವಯಸ್ಸಿನ ಹೆಂಡತಿ ನೀರು ನೋಡುತ್ತಿದ್ದಳು, ಗಂಡ ಮಕ್ಕಳಿಗೆ ಬಡಿಸುತ್ತಿದ್ದ. ಪರಿಚಯವಿಲ್ಲದಿದ್ದರೂ ಕರೆದು ನನ್ನ ಕೈಗೂ ಒಂದು ತಟ್ಟೆ ಕೊಟ್ಟರು.

"ಯಾವ ದೇವರಮ್ಮ ಇದು?" ಏನೂ ಅರಿಯದವಳಂತೆ ಕೇಳಿದೆ.

"ದೇವರು ಅಂತ ಏನಿಲ್ಲಕ್ಕ, ದೀಪ ಅಷ್ಟೇ. ಆದ್ರೆ ನೇಮ ಐತೆ. ಹೆಣ್ಮಕ್ಕಳು ಇಲ್ಲಿ ಕೆಲ್ಸ ಮುಟ್ಟಂಗಿಲ್ಲ."

"ಮುಟ್ಟಿದ್ರೆ ಏನಾಗುತ್ತೆ?"

ಅವಳು ಸ್ವಲ್ಪ ಯೋಚಿಸಿದಳು. "ಗೊತ್ತಿಲ್ಲಕ್ಕ. ಇಲ್ಲಿತನಕ ಯಾರೂ ಮುಟ್ಟೇ ಇಲ್ವಲ್ಲ!"

ಊಟ ಮುಗಿಸಿ ತಟ್ಟೆ ತೊಳೆಯಲು ನೀರಿನ ಕಡೆ ಎದ್ದೆ. ಅವಳ ಗಂಡ ಅಡ್ಡ ಬಂದು ಕೈಚಾಚಿದ. "ಕೊಡಿ ಅಕ್ಕ, ನೇಮ ಮುರೀಬೇಡಿ. ನಮ್ಮಪ್ಪನೂ ಇಲ್ಲೇ ತೊಳೀತಿದ್ರು."

ತಟ್ಟೆಯನ್ನು ಅವನಿಗೆ ಕೊಟ್ಟು, ಅವಳ ಪಕ್ಕದಲ್ಲಿ ಕುಳಿತೆ.