ಕೂಸಿನ ಸೀಟು ಮತ್ತು ಕರ್ಚಿಕಾಯಿ ಡಬ್ಬಿ

ನಮ್ಮ ಮನೆಗೆ ಕಾರು ಬಂದ ದಿನ ಅದಕ್ಕೆ ಸಿಕ್ಕ ಮರ್ಯಾದೆ, ನಾನು ಸೊಸೆಯಾಗಿ ಬನಹಟ್ಟಿಗೆ ಬಂದ ದಿನ ನನಗೂ ಸಿಕ್ಕಿರಲಿಲ್ಲ. ಆರತಿ ಎತ್ತಿದರು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು, ಮುಂದಿನ ಬಂಪರಿಗೆ ಕರಿದಾರ ಕಟ್ಟಿದರು. ಸೀಟುಗಳ ಮೇಲಿನ ಪ್ಲಾಸ್ಟಿಕ್ಕನ್ನು ಮಾತ್ರ ಯಾರೂ ತೆಗೆಯಲಿಲ್ಲ. ತೆಗೆದರೆ ಕಾರು ಹಳೆಯದಾಗುತ್ತದೆ ಎಂಬುದು ನನ್ನ ಮಗನ ಸಂಶೋಧನೆ. ಹೀಗಾಗಿ ಬೇಸಿಗೆಯುದ್ದಕ್ಕೂ ನಾವೆಲ್ಲ ಆ ಪ್ಲಾಸ್ಟಿಕ್ಕಿಗೆ ಅಂಟಿಕೊಂಡೇ ಪ್ರಯಾಣ ಮಾಡಿ, ಊರು ಬಂದಾಗ ನಮ್ಮನ್ನು ನಾವೇ ಕಿತ್ತುಕೊಂಡು ಇಳಿಯುತ್ತಿದ್ದೆವು.

ಆ ಕಾರಿನಲ್ಲಿ ಅತ್ಯಂತ ಗೌರವದ ಜಾಗ ನನ್ನ ಮೊಮ್ಮಗಳದು. ಅಂದರೆ ಮುಂದಿನ ಸೀಟಿನಲ್ಲಿ, ಅಜ್ಜನ ತೊಡೆಯ ಮೇಲೆ, ಎರಡೂ ಪುಟ್ಟ ಅಂಗೈಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಊರಿಕೊಂಡು. ಬೆಲ್ಟು ಹಾಕದಿದ್ದರೆ ಕಾರು ಪೀಂ ಪೀಂ ಎಂದು ಕೂಗುತ್ತಿತ್ತು. ಅದರ ಬಾಯಿ ಮುಚ್ಚಿಸಲು ನನ್ನ ಯಜಮಾನರು ಬೆಲ್ಟನ್ನು ತಮ್ಮ ಬೆನ್ನ ಹಿಂದಿನಿಂದ ಎಳೆದು ಸಿಕ್ಕಿಸಿ, ಅದರ ಮೇಲೆ ಒರಗಿ ಕೂರುತ್ತಿದ್ದರು. ಕಾರಿಗೆ ಸಮಾಧಾನ, ಅವರಿಗೂ ಸಮಾಧಾನ. ಪ್ರಾಥಮಿಕ ಶಾಲೆಯಲ್ಲಿ ಜೀವಮಾನವಿಡೀ ಮಕ್ಕಳಿಗೆ ಕೂರುವುದನ್ನು ಕಲಿಸಿ ನಿವೃತ್ತಳಾದ ನನಗೆ, ಮನೆಯ ಗಂಡಸರಿಗೆ ಅದನ್ನು ಕಲಿಸಲು ಆಗಲಿಲ್ಲ.

ಕೂಸಿಗೆ ಲಸಿಕೆ ಹಾಕಿಸಲು ಮುಧೋಳಕ್ಕೆ ಹೋದಾಗ ಮಕ್ಕಳ ಡಾಕ್ಟರು ಕಿಟಕಿಯಿಂದ ನಮ್ಮ ಸವಾರಿಯ ಆಗಮನವನ್ನು ನೋಡಿದ್ದರು. ಒಳಗೆ ಹೋದೊಡನೆ ಸೂಜಿಯ ಮಾತು ಬಿಟ್ಟು ಸೀಟಿನ ಮಾತು ತೆಗೆದರು. ಈ ವಯಸ್ಸಿನಲ್ಲಿ ತಲೆ ಭಾರ, ಕುತ್ತಿಗೆ ಎಳೆಯದು. ಬ್ರೇಕು ಬಿದ್ದರೆ ತಲೆ ಮುಂದಕ್ಕೆ ಹಾರುತ್ತದೆ, ಹಿಡಿಯಲು ಕುತ್ತಿಗೆಗೆ ಶಕ್ತಿ ಇರುವುದಿಲ್ಲ. ಹಿಂದಕ್ಕೆ ಮುಖ ಮಾಡಿ ಕೂರುವ ಸೀಟಾದರೆ ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಒಟ್ಟಿಗೆ ಅದೇ ಹಿಡಿದುಕೊಳ್ಳುತ್ತದೆ. ಅದನ್ನು ಹಿಂದಿನ ಸೀಟಿಗೇ ಕಟ್ಟಬೇಕು, ಮುಂದೆ ಏರ್‌ಬ್ಯಾಗ್ ಇರುವ ಕಡೆ ಎಂದಿಗೂ ಕೂಡದು. ಅವರು ಹೇಳಿದ್ದು ಇಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ನನ್ನ ಯಜಮಾನರಿಗೆ ಮಾತ್ರ ಎಂದಿಗಿಂತ ಛಲೋ ನಿದ್ದೆ ಬಂತು.

"ಹಂಗಾರ ನಾವೆಲ್ಲಾ ಹೆಂಗ ಬೆಳದ್ವಿ?" ಎಂದು ಬೆಳಿಗ್ಗೆ ಚಹಾ ಕುಡಿಯುತ್ತ ಅವರು ಕೇಳಿದರು.

"ನೀವು ಚಕ್ಕಡ್ಯಾಗ ಬೆಳದ್ರಿ. ಎತ್ತು ಅಷ್ಟ ಜೋರ ಬ್ರೇಕ್ ಹೊಡೀತಿದ್ದಿಲ್ರಿ" ಎಂದೆ.

ಮಗ ನಡುವೆ ಬಾಯಿ ಹಾಕಿದ. "ಅವ್ವಾ, ಸುಮ್ನಿರ ಬೇ. ನಾ ಏನ ಹುಚ್ಚನಂಗ ಹೊಡೀತೇನಿ ಗಾಡಿ?"

ಅವನು ಹುಚ್ಚನಲ್ಲ, ಖರೆ. ಆದರೆ ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳಲ್ಲಿ ಎರಡೆರಡು ಟ್ರಾಲಿ ಎಳೆದುಕೊಂಡು, ಡೆಕ್ಕಿನಲ್ಲಿ ಹಾಡು ಹಚ್ಚಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುವ ಟ್ರ್ಯಾಕ್ಟರಿನವರು ನನ್ನ ಮಗನ ಶಾಣ್ಯಾತನವನ್ನು ವಿಚಾರಿಸಿಕೊಂಡು ತಿರುಗುವುದಿಲ್ಲವಲ್ಲ. ನನ್ನ ಪರವಾಗಿ ಇದ್ದವಳು ಸೊಸೆ ಒಬ್ಬಳೇ. ಅವಳು ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ, ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು.

ಸೀಟು ಹುಡುಕಲು ಅತ್ತೆ ಸೊಸೆ ಜಮಖಂಡಿಗೆ ಹೋದೆವು. ಅಂಗಡಿಯವರು ಬಹಳ ಉತ್ಸಾಹದಿಂದ ಕೂಸಿನ ಜೋಕಾಲಿ ತೋರಿಸಿದರು, ನಡೆಯುವ ಗಾಡಿ ತೋರಿಸಿದರು, ಸ್ನಾನದ ತೊಟ್ಟಿಯನ್ನೂ ತೋರಿಸಿದರು. "ಕಾರಿನ ಸೀಟ್ರೀ" ಎಂದರೆ ಹುಲಿಪಟ್ಟೆಯ ಸೀಟ್ ಕವರು ತಂದು ಹರಡಿದರು. ಅಷ್ಟರಲ್ಲಿ ನನ್ನ ಯಜಮಾನರು ಬೆಳಗಾವಿಯ ಪರಿಚಯದವರ ಮನೆಯಲ್ಲಿ ಒಂದು ಹಳೇ ಸೀಟು ಇದೆಯೆಂದು ಸುದ್ದಿ ತಂದರು. ಆ ಸೀಟು ಇದ್ದ ಕಾರು ಒಮ್ಮೆ ಪಲ್ಟಿ ಹೊಡೆದಿತ್ತಂತೆ. "ಸೀಟಿಗೆ ಏನೂ ಆಗಿಲ್ಲ. ಟೆಸ್ಟ್ ಆದ ಮಾಲು ಅದು" ಎಂದರು. ಒಮ್ಮೆ ಏಟು ತಿಂದ ಸೀಟು ಒಳಗೇ ಬಿರುಕು ಬಿಟ್ಟಿರಬಹುದು, ಅದನ್ನು ಮುಟ್ಟಲೂ ಬಾರದು ಎಂದು ಅವರಿಗೆ ತಿಳಿಸಲು ನನಗೆ ಒಂದು ಇಡೀ ಭಾನುವಾರ ಬೇಕಾಯಿತು.

ಕೊನೆಗೆ ಸೊಸೆಯ ಫೋನಿನಲ್ಲೇ ಹುಡುಕಿದೆವು. ಕೂಸಿನ ತೂಕ ನೋಡಿದೆವು, ಅಡಿಯಿಂದ ನೆತ್ತಿಯವರೆಗೆ ಅಳೆದೆವು, ಸುರಕ್ಷತೆಯ ಗುರುತು ಇದೆಯೇ ಎಂದು ಕನ್ನಡಕ ಒರೆಸಿಕೊಂಡು ನೋಡಿದೆವು. ಎರಡು ಭುಜ, ಎರಡು ಸೊಂಟ, ಕಾಲುಗಳ ನಡುವೆ ಒಂದು, ಹೀಗೆ ಐದೂ ಕಡೆ ಪಟ್ಟಿ ಇರುವುದನ್ನೇ ಆರಿಸಿದೆವು. ನಮ್ಮ ಕಾರಿನಲ್ಲಿ ಅದನ್ನು ಸಿಕ್ಕಿಸಲು ಕಬ್ಬಿಣದ ಕೊಂಡಿಗಳು ಇವೆಯೇ ಎಂಬ ಪ್ರಶ್ನೆ ಬಂತು. ಇದ್ದವು, ಸೀಟಿನ ಸಂದಿಯಲ್ಲಿ, ಆ ಪವಿತ್ರ ಪ್ಲಾಸ್ಟಿಕ್ಕಿನ ಕೆಳಗೆ. ನಾನು ಕತ್ತರಿ ತಂದು ಪ್ಲಾಸ್ಟಿಕ್ ಕತ್ತರಿಸಿದೆ. ತನ್ನ ಮದುವೆಯಲ್ಲಿ ಕಣ್ಣೀರು ಹಾಕದ ನನ್ನ ಮಗನ ಕಣ್ಣುಗಳು ಅಂದು ತುಂಬಿಬಂದವು.

ಸೀಟು ಮನೆಗೆ ಬಂತು. ನಮ್ಮದು ನೇಕಾರರ ಮನೆ, ಸೀಟಿನ ಮೊದಲ ಪರೀಕ್ಷೆ ಹೇಗಿರಬೇಕೋ ಹಾಗೇ ನಡೆಯಿತು. ಯಜಮಾನರು ಪಟ್ಟಿ ನೋಡಲಿಲ್ಲ, ಕೊಂಡಿ ನೋಡಲಿಲ್ಲ. ಬಟ್ಟೆಯನ್ನು ಎರಡು ಬೆರಳಲ್ಲಿ ಹೊಸೆದು ನೋಡಿದರು, ಅಂಚಿನಿಂದ ಒಂದು ಎಳೆ ಕಿತ್ತರು, ಕಡ್ಡಿ ಗೀರಿ ಸುಟ್ಟು ಮೂಸಿದರು. "ಪಾಲಿಸ್ಟರ್ ಐತಿ. ಮೋಸ ಹ್ವಾದ್ರಿ" ಎಂದು ತೀರ್ಪು ಕೊಟ್ಟರು. ಪಾಲಿಸ್ಟರಿನಿಂದ ಕೂಸಿಗೆ ಸೆಖೆಯಾಗುತ್ತದೆಂದು ಸೀಟಿನೊಳಗೆ ಹತ್ತಿಬಟ್ಟೆಯ ದಪ್ಪನೆಯ ಕೌದಿ ಹಾಸಿ, ಅದರ ಮೇಲೆ ಕೂಡಿಸಲು ಹೇಳಿದರು. ದಪ್ಪ ಹಾಸಿದರೆ ಪಟ್ಟಿ ಮೈಗೆ ಕೂರುವುದಿಲ್ಲ, ಬ್ರೇಕು ಬಿದ್ದಾಗ ಕೌದಿ ಅಮುಕಿ ಕೂಸು ಜಾರುತ್ತದೆ ಎಂದು ಸೊಸೆ ಸಣ್ಣ ದನಿಯಲ್ಲಿ ಓದಿ ಹೇಳಿದಳು. ಭುಜದ ಹತ್ತಿರ ಪಟ್ಟಿಯನ್ನು ಚಿವುಟಿದರೆ ಬೆರಳಿಗೆ ಸಡಿಲು ಸಿಗಬಾರದಂತೆ. ಈ ಚಿವುಟುವ ವಿದ್ಯೆ ಮಾತ್ರ ಅವರಿಗೆ ಬಹಳ ಹಿಡಿಸಿತು. ಮಗ್ಗದ ಮೇಲಿನ ಹಾಸುನೂಲಿನ ಬಿಗಿಯನ್ನು ಬೆರಳಲ್ಲೇ ನೋಡುವ ಮನುಷ್ಯರಲ್ಲವೇ, ಹೋಗುತ್ತ ಬರುತ್ತ ಖಾಲಿ ಸೀಟಿನ ಪಟ್ಟಿ ಎಳೆದು ಚಿವುಟಿ ನೋಡತೊಡಗಿದರು.

ಖಾಲಿ ಸೀಟು ಎಂದೆನಲ್ಲ, ಅದೇ ಸಂಕಟ. ಕೂಸನ್ನು ಅದರಲ್ಲಿ ಕೂರಿಸಲು ಹೋದಾಗಲೆಲ್ಲ ಯಜಮಾನರದು ಒಂದು ತಕರಾರು. ಅದರಲ್ಲಿ ದೊಡ್ಡದು ಇದು: "ಹೊಂಟವರು ಹಿಂದ ತಿರುಗಿ ನೋಡಬಾರದು. ಈ ಕೂಸು ದಾರಿತುಂಬ ಹಿಂದ ನೋಡಕೋತ ಬರತೈತಿ. ಅದರ ಮ್ಯಾಲ ದೇವರಿಗೆ ಬೆನ್ನ ಬ್ಯಾರೆ." ದೇವರು ಅಂದರೆ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ ಬೆರಳುದ್ದದ ಗಣಪ. ಅವನಿಗೆ ಬೇಜಾರಾಗಬಾರದೆಂದು ಕೂಸು ಮತ್ತೆ ಅಜ್ಜನ ತೊಡೆಗೇ ಹೋಗುತ್ತಿತ್ತು. ನಾನು ಸಿಟ್ಟಿನಿಂದ ಕಾರನ್ನೇ ಹತ್ತದೆ, ಮಹಾಲಿಂಗಪುರಕ್ಕೆ ಬಸ್ಸಿನಲ್ಲಿ ಹೋದದ್ದೂ ಉಂಟು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಣ್ಣೀರು ಒರೆಸಿಕೊಂಡೆ. ನನಗೆ ಹೆದರಿಕೆಯಾಗುತ್ತಿತ್ತು, ಆ ಹೆದರಿಕೆಯನ್ನು ಮನೆಯಲ್ಲಿ ಎಲ್ಲರೂ ಹಟ ಎಂದುಕೊಂಡಿದ್ದರು.

ಜವಳದ ದಿನ ಬಂತು. ಕೂಸಿನ ಮೊದಲ ಕೂದಲನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ ತೆಗೆಯುವುದು ಪದ್ಧತಿ, ಸೋದರಮಾವ ಇರುವುದು ಬೀಳಗಿಯಲ್ಲಿ. ಬೀಗರ ಮನೆಗೆ ಬರಿಗೈಯಲ್ಲಿ ಹೋಗುವ ಮಾತೇ ಇಲ್ಲ. ಹಿಂದಿನ ದಿನವೆಲ್ಲ ನಾನೂ ಸೊಸೆಯೂ ಕೂತು ಬುತ್ತಿಗೆಂದು ಕರ್ಚಿಕಾಯಿ ಕರಿದಿದ್ದೆವು. ಕೊಬ್ಬರಿ, ಸಕ್ಕರೆಯ ಹೂರಣ ತುಂಬಿದ ಆ ತಿಂಡಿ ಬೆರಳು ತಾಗಿದರೂ ಮುರಿಯುವಷ್ಟು ನಾಜೂಕು. ದೊಡ್ಡ ಸ್ಟೀಲ್ ಡಬ್ಬಿ ತುಂಬಿತು.

ಹೊರಡುವ ಹೊತ್ತಿಗೆ ಈ ಸಲ ನಾನೇ ಕೂಸನ್ನು ಸೀಟಿನಲ್ಲಿ ಕೂರಿಸಿ ಪಟ್ಟಿ ಬಿಗಿದೆ. ಅವಳು ಚಿಟ್ಟನೆ ಚೀರಿದಳು.

"ಶುಭ ಕೆಲಸಕ್ಕ ಹೊಂಟೇವಿ. ಕೂಸಿನ್ನ ಅಳಸಬ್ಯಾಡ" ಎಂದವರೇ ಯಜಮಾನರು ಪಟ್ಟಿ ಬಿಚ್ಚಿ ಎತ್ತಿಕೊಂಡರು. ಬೀಗರು ದಾರಿ ಕಾಯುತ್ತಿದ್ದಾರೆ, ಮುಹೂರ್ತ ಮೀರುತ್ತದೆ ಎಂದು ಮಗ ಹಾರ್ನ್ ಒತ್ತಿದ. ನಾನು ಕೂಗಾಡಿದೆ, ಓಣಿಯವರು ಹೊರಗೆ ಬಂದು ನೋಡಿದರು, ಅಷ್ಟೇ ಆಯಿತು. ಆಮೇಲೆ ಡಬ್ಬಿಯನ್ನು ಎಲ್ಲಿಡುವುದು ಎಂಬ ಪ್ರಶ್ನೆ ಎದ್ದಿತು. ಡಿಕ್ಕಿಯಲ್ಲಿಟ್ಟರೆ ಕುಲುಕಾಡಿ ಕರ್ಚಿಕಾಯಿ ಪುಡಿಯಾಗುತ್ತವೆ.

"ಸೀಟ ಖಾಲಿ ಐತೆಲ್ಲ" ಎಂದರು ಯಜಮಾನರು. ಡಬ್ಬಿಯನ್ನು ಕೂಸಿನ ಸೀಟಿನಲ್ಲಿಟ್ಟು, ಐದೂ ಪಟ್ಟಿ ಹಾಕಿ, ಕಟಕ್ ಎಂದು ಸಿಕ್ಕಿಸಿ, ಎಳೆದು ಬಿಗಿ ಮಾಡಿದರು. ಚಿವುಟಿ ನೋಡಿದರು. ಒಂಚೂರೂ ಸಡಿಲು ಸಿಗಲಿಲ್ಲ. ಕೌದಿಯನ್ನೂ ಹಾಸಿರಲಿಲ್ಲ.

ಹಾಗೆ ನಾವು ಹೊರಟೆವು. ಕರ್ಚಿಕಾಯಿ ಹಿಂದಕ್ಕೆ ಮುಖ ಮಾಡಿ, ಕೂಸು ಮುಂದಕ್ಕೆ ಮುಖ ಮಾಡಿ.

ಜಮಖಂಡಿ ದಾಟಿ, ಇನ್ನೇನು ಬೀಳಗಿ ಬಂತು ಎನ್ನುವಾಗ ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರ್ ಯಾವ ಸೂಚನೆಯನ್ನೂ ಕೊಡದೆ ಹೊಲದ ದಾರಿಗೆ ಅಡ್ಡ ತಿರುಗಿತು. ಮಗ ಬ್ರೇಕು ಒತ್ತಿದ. ಅವನು ಜೋರಾಗಿ ಓಡಿಸುತ್ತಿರಲಿಲ್ಲ, ಕಾರು ಯಾವುದಕ್ಕೂ ತಾಗಲೂ ಇಲ್ಲ. ಆದರೆ ಅಜ್ಜನ ಕೈಯಲ್ಲಿದ್ದ ಕೂಸು ಕೈಯಲ್ಲಿ ಉಳಿಯಲಿಲ್ಲ. ಹಣೆ ಡ್ಯಾಶ್‌ಬೋರ್ಡಿಗೆ ಬಡಿದ ಸದ್ದು ಹಿಂದೆ ಕೂತ ನನಗೆ ಕೇಳಿಸಿತು. ಆಮೇಲೆ ಸ್ವಲ್ಪ ಹೊತ್ತು ಅವಳು ಅಳಲಿಲ್ಲ.

ಅತ್ತಳು, ಪುಣ್ಯಕ್ಕೆ. ಆಸ್ಪತ್ರೆಯ ಬೋರ್ಡು ಎದುರಿಗೇ ಕಾಣುತ್ತಿತ್ತು. ಸೊಸೆ ಇಳಿದು, ಮಾವನ ಕೈಯಿಂದ ಮಗಳನ್ನು ಕಸಿದು ಎದೆಗವಚಿಕೊಂಡು ನಡೆದೇ ಹೊರಟಳು. ಮಗ ಕಾರು ಹತ್ತು ಎಂದು ಕರೆದ. ಅವಳು ತಿರುಗಿ ನೋಡಲಿಲ್ಲ. ಡಾಕ್ಟರು ಬಹಳ ಹೊತ್ತು ನೋಡಿ, ಒಳಗೇನೂ ಆಗಿಲ್ಲ, ವಾಂತಿ ಮಾಡಿದರೆ ತಕ್ಷಣ ಕರೆತನ್ನಿ ಎಂದರು. ಹಣೆ ಮಾತ್ರ ಊದಿ ನಿಂಬೆಕಾಯಿಯಷ್ಟಾಗಿತ್ತು. ಅಂದು ಜವಳ ಆಗಲಿಲ್ಲ.

ಬೀಗರ ಮನೆಯಲ್ಲಿ ಎಲ್ಲರೂ ಕೂಸನ್ನು ಸುತ್ತುವರಿದಿದ್ದಾಗ, ಒಳಗೆ ಅಡುಗೆಮನೆಯಲ್ಲಿದ್ದ ಅವರ ಮನೆಯ ಹಿರಿಯಜ್ಜಿಗೆ ಏನಾಗಿದೆಯೆಂದು ಯಾರೂ ಹೇಳಿರಲಿಲ್ಲ. ಅವರು ನಮ್ಮ ಡಬ್ಬಿಯ ಮುಚ್ಚಳ ತೆಗೆದು, ಪಡಸಾಲೆಗೆ ಬಂದು ನನ್ನ ಯಜಮಾನರ ಮುಂದೆ ಹಿಡಿದರು.

"ಎಷ್ಟ ಜ್ವಾಕಿಲೆ ತಂದೀರಿ ಬೀಗರ! ಒಂದರ ಮುರದಿರಬೇಕ? ಒಂದೂ ಮುರದಿಲ್ಲ ನೋಡ್ರಿ."

ಯಜಮಾನರು ಡಬ್ಬಿಯನ್ನು ನೋಡಿದರು, ಕೂಸಿನ ಹಣೆಯನ್ನು ನೋಡಿದರು. ಎದ್ದು ಹೊರಗೆ ಹೋದರು. ನನ್ನ ಹತ್ತಿರ ಆಡಲು ಮಾತುಗಳು ಬೇಕಾದಷ್ಟಿದ್ದವು, ದಾರಿಯಲ್ಲಿ ಎಲ್ಲವನ್ನೂ ಜೋಡಿಸಿಕೊಂಡೂ ಇದ್ದೆ. ಹಿಂದೆಯೇ ಹೋದೆ. ಅವರು ಕಾರಿನ ಬಾಗಿಲು ತೆಗೆದು, ಡಬ್ಬಿಯ ಅಳತೆಗಿದ್ದ ಪಟ್ಟಿಗಳನ್ನು ಕೂಸಿನ ಭುಜದ ಅಳತೆಗೆ ತರುತ್ತಿದ್ದರು. ನಾನು ಬಾಗಿಲಿನಿಂದಲೇ ವಾಪಸು ಬಂದೆ.

ಸಂಜೆ ಬನಹಟ್ಟಿಗೆ ಹೊರಟಾಗ ಬೀಗರು ಅದೇ ಡಬ್ಬಿಯ ತುಂಬ ಉಂಡಿ ಕಟ್ಟಿ ಕೊಟ್ಟಿದ್ದರು. ಅದು ಮುಂದೆ, ಯಜಮಾನರ ತೊಡೆಯ ಮೇಲಿತ್ತು. ಬೆಲ್ಟು ಅವರ ಎದೆಯ ಮೇಲಿತ್ತು. ಕೂಸು ಹಿಂದೆ, ನನ್ನ ಪಕ್ಕದ ಸೀಟಿನಲ್ಲಿ, ಪಟ್ಟಿ ಬಿಗಿದೊಡನೆ ಬೆಳಿಗ್ಗೆಯಂತೆಯೇ ಚೀರತೊಡಗಿತು. ಮಗ ಅನುಮಾನದಿಂದ ಅಪ್ಪನ ಮುಖ ನೋಡಿದ.

"ಅಳಲಿ ಬಿಡ. ನೀ ಸಾವಕಾಶ ನಡಿ" ಎಂದರು.

ಜಮಖಂಡಿ ಬರುವ ಮೊದಲೇ ಅವಳು ಅತ್ತು ಅತ್ತು ಮಲಗಿದಳು. ಹೊರಟವರು ಹಿಂದೆ ನೋಡಬಾರದು ಎಂದು ಮನೆಮಂದಿಗೆಲ್ಲ ಪಾಠ ಹೇಳಿದ್ದ ಮನುಷ್ಯ, ಬೆಲ್ಟಿನೊಳಗೇ ಕುತ್ತಿಗೆ ತಿರುಗಿಸಿ, ಬನಹಟ್ಟಿ ಮುಟ್ಟುವ ತನಕ ಹಿಂದೆ ನೋಡುತ್ತಲೇ ಕೂತಿದ್ದರು.