ಬಾರವ್ವನ ಕೈಯಲ್ಲಿದ್ದ ಬಿಲ್ಲೆ

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷ. ಪುಣೆಯ ನೆಲದಡಿಯಲ್ಲಿ ಸುರಂಗ ಕೊರೆಯುವ ಒಂದು ಕಾಮಗಾರಿಗೆ ನಾನು ಸೇಫ್ಟಿ ಆಫೀಸರ್. ಧನಕವಡಿಯ ಮನೆಯಿಂದ ಬೆಳಿಗ್ಗೆ ಸ್ಕೂಟರ್ ಹತ್ತಿದರೆ ಸೈಟಿನಲ್ಲಿ ಹೆಲ್ಮೆಟ್ ಬದಲಿಸಿ ನೇರ ಭೂಮಿಯೊಳಗೆ ಇಳಿಯುವುದು. ಇಪ್ಪತ್ತೆಂಟು ಮೀಟರ್ ಆಳದ ಶಾಫ್ಟ್, ಅಂದರೆ ಒಂದು ದೊಡ್ಡ ಬಾವಿ. ಅದರ ತಳದಿಂದ ಸುರಂಗ ಶುರು. ಅಲ್ಲಿ ದುಡಿಯುವವರೆಲ್ಲ ಗಂಡಸರು. ಹೆಂಗಸರು ಇಬ್ಬರೇ: ಒಬ್ಬಳು ನಾನು, ಇನ್ನೊಬ್ಬಳು ಸಂತ ಬಾರ್ಬರಾ.

ಆಕೆಯನ್ನು ಕರೆತಂದವನು ಫೋರ್‌ಮನ್ ಅರುಳ್. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ತಲೆಮಾರು ದುಡಿದ ಕ್ರೈಸ್ತ ಮನೆತನದವನು. ಹೆತ್ತ ಅಪ್ಪನೇ ಗೋಪುರದಲ್ಲಿ ಕೂಡಿಹಾಕಿದ್ದ ಈ ಹುಡುಗಿ ಗಣಿಯವರನ್ನೂ ಸುರಂಗದವರನ್ನೂ ಹಠಾತ್ ಸಾವಿನಿಂದ ಕಾಯುತ್ತಾಳೆ ಎಂಬುದು ಅವರ ನಂಬಿಕೆ. ಅಜ್ಜಿಯ ಕಾಲದ ಆ ಪುಟ್ಟ ಮೂರ್ತಿಯನ್ನು ಅರುಳ್ ಶಾಫ್ಟಿನ ತಳದಲ್ಲಿ, ಸುರಂಗದ ಬಾಯಿಯ ಪಕ್ಕದ ಗೂಡಿನಲ್ಲಿ ಇಟ್ಟ. ನಮ್ಮ ಕೂಲಿಗಳಲ್ಲಿ ಹೆಚ್ಚಿನವರು ಯಾದಗಿರಿ ಕಡೆಯವರು. ತಿಂಗಳೊಳಗೆ ಬಾರ್ಬರಾ ಅವರ ಬಾಯಲ್ಲಿ ಬಾರವ್ವ ಆದಳು. ಹಣೆಗೆ ಕುಂಕುಮ ಬಂತು, ಕೊರಳಿಗೆ ಚೆಂಡುಹೂವು, ಅಮಾವಾಸ್ಯೆಗೆ ನಿಂಬೆಹಣ್ಣು.

“ಬೇಜಾರಿಲ್ವಾ?” ಎಂದು ಅರುಳನನ್ನು ಕೇಳಿದೆ.

“ಅಮ್ಮ ಏನೂ ಅನ್ಕೊಳ್ಳಲ್ಲ ಮೇಡಂ. ಕಷ್ಟ ಅಂತ ಬಂದೋರನ್ನ ಜಾತಿ ಕೇಳೋಳಲ್ಲ,” ಎಂದ.

ನನ್ನ ತಕರಾರು ಬೇರೆಯೇ ಇತ್ತು. ಎಣ್ಣೆದೀಪ ಹಚ್ಚಿದಾಗ ಕೂಗಾಡಿ ಬ್ಯಾಟರಿ ದೀಪ ಇಡಿಸಿದೆ. ಅದಕ್ಕಿಂತ ದೊಡ್ಡ ತಲೆನೋವು ಬಿಲ್ಲೆಯದು. ಪ್ರತಿಯೊಬ್ಬನಿಗೂ ಹೆಸರು ಕೊರೆದ ಒಂದು ಹಿತ್ತಾಳೆ ಬಿಲ್ಲೆ ಇರುತ್ತದೆ. ಇಳಿಯುವ ಮುಂಚೆ ಅದನ್ನು ಶಾಫ್ಟಿನ ಮೇಲಿರುವ ಬೋರ್ಡಿನ ಕೊಕ್ಕೆಗೆ ಹಾಕಬೇಕು, ಮೇಲೆ ಬಂದ ಮೇಲೆ ತೆಗೆಯಬೇಕು. ಅನಾಹುತವಾದಾಗ ಒಳಗೆ ಯಾರಿದ್ದಾರೆ ಎಂದು ತಿಳಿಯಲು ನಮಗಿರುವುದು ಆ ಬೋರ್ಡ್ ಒಂದೇ. ಒಂದು ಬೆಳಿಗ್ಗೆ ನೋಡುತ್ತೇನೆ, ಬೋರ್ಡಿನ ಅರ್ಧ ಖಾಲಿ! ಕೆಳಗಿಳಿದರೆ ಬಿಲ್ಲೆಗಳೆಲ್ಲ ಬಾರವ್ವನ ಪಾದದಲ್ಲಿ ರಾಶಿ ಬಿದ್ದಿವೆ. ನನಗೆ ಮೈ ಉರಿದುಹೋಯಿತು. ಇದನ್ನು ಶುರು ಮಾಡಿದವನು ಶರಣಪ್ಪ ಎಂದರು. ಮೂವತ್ತರ ಆಸುಪಾಸಿನ ಫಿಟ್ಟರ್, ಮಾತು ಕಡಿಮೆ. ಅವನ ಹೆಂಡತಿ ನಿಂಗವ್ವ ಹೃದಯದ ವಾಲ್ವ್ ಕೆಟ್ಟು, ದೊಡ್ಡಾಸ್ಪತ್ರೆಯಲ್ಲಿ ಆಪರೇಶನ್ನಿಗೆ ಕಾಯುತ್ತಿದ್ದಳು.

“ನಿಮ್ಮ ಬೋರ್ಡಿಗೆ ಕಣ್ಣ ಅದಾವೇನ್ರಿ ಅಕ್ಕಾರ?” ಎಂದು ತಲೆ ತಗ್ಗಿಸಿಕೊಂಡೇ ಕೇಳಿದ. “ಆಕಿ ಆದ್ರ ನೋಡ್ಕೋತಾಳ್ರಿ. ಮನ್ಯಾಗ ಈಗ ಭಾಳ ತ್ರಾಸ ಅದ.”

ಪಾಪ ಎನಿಸಿತು, ಆದರೂ ಬಿಡಲಿಲ್ಲ. ಎಲ್ಲರನ್ನೂ ದಬಾಯಿಸಿ ಬಿಲ್ಲೆಗಳನ್ನು ಬೋರ್ಡಿಗೆ ಮರಳಿಸಿದೆ.

ಗಣಪತಿ ಹಬ್ಬ ಮುಗಿದ ವಾರ ನಿಂಗವ್ವನ ಆಪರೇಶನ್ನಿನ ದಿನ ಬಂತು. ಮಧ್ಯಾಹ್ನ ಆಸ್ಪತ್ರೆಗೆ ಹೋಗುತ್ತೇನೆಂದು ಶರಣಪ್ಪ ಮೊದಲೇ ಹೇಳಿದ್ದ. ಊಟದ ಹೊತ್ತು ಕಳೆದು ಸ್ವಲ್ಪ ಸಮಯಕ್ಕೆ ಸೈರನ್ ಕೂಗಿತು!

ಇಲ್ಲಿ ಸ್ವಲ್ಪ ವಿವರಿಸಬೇಕು. ಸುರಂಗ ಕೊರೆಯುವ ಯಂತ್ರ ರೈಲಿನಂತೆ ಉದ್ದ. ಮೂತಿಯಲ್ಲಿ ಕೊರೆಯುವ ಚಕ್ರ, ಬಾಲದಲ್ಲಿ ಪಂಪು, ಟ್ರಾನ್ಸ್‌ಫಾರ್ಮರ್. ನೆಲದ ಮೇಲಿನ ಒಂದು ಭಾರಿ ಫ್ಯಾನ್ ದಪ್ಪ ಕೊಳವೆಯ ಮೂಲಕ ತಾಜಾ ಗಾಳಿಯನ್ನು ಮೂತಿಯವರೆಗೂ ತಳ್ಳುತ್ತದೆ. ಮೂತಿಯ ಹತ್ತಿರವೇ ಒಂದು ಉಕ್ಕಿನ ಕೋಣೆ, ರೆಫ್ಯೂಜ್ ಚೇಂಬರ್. ಹೊರಗೆ ಓಡಲಾಗದವರು ಅದರೊಳಗೆ ಬಾಗಿಲು ಹಾಕಿಕೊಂಡರೆ ಕೆಲವು ಗಂಟೆ ಜೀವ ಹಿಡಿದುಕೊಂಡಿರಬಹುದು. ಅವತ್ತು ಬೆಂಕಿ ಹೊತ್ತಿದ್ದು ಬಾಲದ ಟ್ರಾನ್ಸ್‌ಫಾರ್ಮರಿಗೆ. ಕಪ್ಪು ಹೊಗೆ ಸುರಂಗದ ಬಾಯಿಯತ್ತ ನುಗ್ಗಿ ಬಂತು. ಒಳಗಿನ ಫೋನಿನ ತಂತಿಯೂ ಸುಟ್ಟುಹೋಯಿತು.

ಜನರೆಲ್ಲ ಕೆಮ್ಮುತ್ತ ಓಡಿಬಂದು ಮೇಲೆ ಹತ್ತಿದರು. ಕೊನೆಗೆ ಹತ್ತುವುದು ಸೇಫ್ಟಿ ಆಫೀಸರ್ ಪಾಲು, ಹಾಗಾಗಿ ನಾನು ಶಾಫ್ಟಿನ ತಳದಲ್ಲೇ ನಿಂತಿದ್ದೆ. ವಾಕಿಟಾಕಿಯಲ್ಲಿ ಮೇಲಿನಿಂದ ವರದಿ ಬಂತು: ಬೋರ್ಡಿನಲ್ಲಿ ಉಳಿದಿರುವುದು ನನ್ನ ಬಿಲ್ಲೆ ಒಂದೇ. ಬೆನ್ನಿಗೇ ಪ್ರಾಜೆಕ್ಟ್ ಮ್ಯಾನೇಜರ್ ಸಾಹೇಬರ ಗಡುಸು ದನಿ: “ಫ್ಯಾನ್ ಬಂದ್ ಕರಾ!” ಅವರ ಲೆಕ್ಕ ಸರಿಯಾಗಿಯೇ ಇತ್ತು. ಫ್ಯಾನ್ ನಿಲ್ಲಿಸಿ ಸುರಂಗದ ಬಾಯಿ ಮುಚ್ಚಿ ಒಂದೆರಡು ದಿನ ಬಿಟ್ಟರೆ ಗಾಳಿಯಿಲ್ಲದೆ ಬೆಂಕಿ ತಾನಾಗಿಯೇ ಸಾಯುತ್ತದೆ, ಯಂತ್ರ ಉಳಿಯುತ್ತದೆ.

ನಾನು ಲಿಫ್ಟಿನತ್ತ ತಿರುಗಿದೆ. ಹೊಗೆಯ ನಡುವೆ ಬ್ಯಾಟರಿ ದೀಪದ ಬೆಳಕಿನಲ್ಲಿ ಏನೋ ಮಿನುಗಿತು. ಬಾರವ್ವನ ಕೈಯಲ್ಲಿ ಒಂದು ಬಿಲ್ಲೆ ತೂಗಾಡುತ್ತಿತ್ತು! ಕಿತ್ತುಕೊಂಡು ಓದಿದೆ. ಶರಣಪ್ಪ.

“ಬಂದ್ ಕರೂ ನಕಾ! ಆತ್ ಮಾಣೂಸ್ ಆಹೇ!” ಎಂದು ಕಿರುಚಿದೆ. ಒಳಗೆ ಮನುಷ್ಯನಿದ್ದಾನೆ, ನಿಲ್ಲಿಸಬೇಡಿ!

“ಅವನು ಆಸ್ಪತ್ರೆಗೆ ಹೋದ್ನಲ್ಲ ಮೇಡಂ!” ಎಂದ ಅರುಳ್ ಮೇಲಿನಿಂದ. ಅವನ ಮೊಬೈಲಿಗೆ ಹಚ್ಚಿದರೆ ಸಿಗುತ್ತಿಲ್ಲ. ಬಿಲ್ಲೆ ಮರೆತು ಹೋಗಿರಬೇಕು, ಒಂದು ಬಿಲ್ಲೆಗಾಗಿ ಬೆಂಕಿಗೆ ಗಾಳಿ ಹಾಕುತ್ತ ಕೂರುವುದೇ ಎಂದು ಸಾಹೇಬರು ರೇಗಿದರು. ಅವನು ಒಳಗಿರುವುದಕ್ಕೆ ನನ್ನ ಬಳಿ ಇದ್ದ ಸಾಕ್ಷಿ ಅವನ ಭಕ್ತಿ ಒಂದೇ. ಹೆಂಡತಿಯ ಎದೆ ಕೊಯ್ಯುವ ದಿನ, ಬಾರವ್ವನಿಗೆ ಕೈಮುಗಿದು ಬಿಲ್ಲೆ ತೆಗೆದು ಕಣ್ಣಿಗೊತ್ತಿಕೊಳ್ಳದೆ ಅವನು ಮೇಲೆ ಹತ್ತುವುದುಂಟೇ? ಸಾಧ್ಯವೇ ಇಲ್ಲ.

“ಸರ್, ಜವಾಬ್ದಾರಿ ನನ್ನದು. ಫ್ಯಾನ್ ತಿರುಗುತ್ತಿರಲಿ. ನಾನು ಒಳಗೆ ಹೋಗುತ್ತಿದ್ದೇನೆ,” ಎಂದೆ.

“ಜಾ,” ಎಂದರು ಸಾಹೇಬರು. ಹೋಗು.

ಅರುಳ್ ಇನ್ನಿಬ್ಬರೊಂದಿಗೆ ಇಳಿದುಬಂದ. ಬೆನ್ನಿಗೆ ಆಕ್ಸಿಜನ್, ಮುಖಕ್ಕೆ ಮಾಸ್ಕ್. ಯಂತ್ರದ ಕರೆಂಟ್ ತೆಗೆಸಿ, ಒಣಪುಡಿಯ ಸಿಲಿಂಡರ್ ಹಿಡಿದು ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು ನಡೆದೆವು. ಚಾಚಿದ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಉರಿಯನ್ನು ತಗ್ಗಿಸಿ ಅದರ ಪಕ್ಕದಿಂದ ನುಸುಳಿದ್ದೇ ತಡ, ಎದುರಿನಿಂದ ತಣ್ಣನೆಯ ಗಾಳಿ! ನಿಲ್ಲಿಸದೆ ಬಿಟ್ಟ ಫ್ಯಾನಿನ ಗಾಳಿ. ಓಡಿದೆವು. ಅರುಳ್ ಚೇಂಬರಿನ ಬಾಗಿಲಿಗೆ ಸ್ಪ್ಯಾನರ್ ಎತ್ತಿ ಬಡಿದ. ಉತ್ತರವಿಲ್ಲ. ಮತ್ತೆ ಬಡಿದ.

ಒಳಗಿನಿಂದ ಟಣ್, ಟಣ್, ಟಣ್!

ಮಾಸ್ಕಿನೊಳಗೇ ನಾವು ನಾಲ್ವರೂ ಹುಚ್ಚರ ಹಾಗೆ ಕೂಗಿದೆವು. ಬಾಗಿಲು ತೆರೆದರೆ ಶರಣಪ್ಪ ಬೆಂಚಿನ ಮೇಲೆ ಬೆವರಿಳಿಸುತ್ತ ಕೂತಿದ್ದ. ಆಸ್ಪತ್ರೆಗೆ ಹೋಗಲು ಧೈರ್ಯ ಸಾಲದೆ, ಇನ್ನೊಂದು ಬೋಲ್ಟ್, ಇನ್ನೊಂದು ಬೋಲ್ಟ್ ಎನ್ನುತ್ತ ಮೂತಿಯಲ್ಲೇ ಉಳಿದುಬಿಟ್ಟಿದ್ದನಂತೆ.

“ನೀವು ಕಲಿಸಿದಂಗ ಖೋಲಿಗೆ ಬಂದು ಬಾಗ್ಲಾ ಹಾಕ್ಕೊಂಡ್ನಿರಿ ಅಕ್ಕಾರ. ನಾ ಒಳಗ ಅದೀನಂತ ಆಕಿಗಿ ಗೊತ್ತಿತ್ತಲ್ರಿ, ಅಂಜಿಕಿ ಆಗ್ಲಿಲ್ಲ,” ಎಂದ. ಮರುಕ್ಷಣವೇ, “ನಿಂಗಿ ಹ್ಯಾಂಗ ಅದಾಳ್ರಿ?” ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ಶಾಫ್ಟಿನ ಮೇಲೆ ಬಂದಾಗ ಆಸ್ಪತ್ರೆಯಿಂದ ನಿಂಗವ್ವನ ಅಣ್ಣನ ಫೋನ್ ಬಂದಿತ್ತು. ಆಪರೇಶನ್ ಮುಗಿದು ಕಣ್ಣು ಬಿಟ್ಟಿದ್ದಳು. ಆ ಸೈಟಿನಲ್ಲಿ ಅವತ್ತು ಅಳದವರೇ ಇಲ್ಲ. ಸಾಹೇಬರು ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿ ನಿಂತರು.

ಮರುವಾರ ಬಾರವ್ವನನ್ನು ಮೇಲಿನ ಬೋರ್ಡಿನ ಬಳಿ ತರೋಣವೆಂದೆ. ಸುರಂಗದ ಬಾಯಿ ಬಿಟ್ಟು ಅಮ್ಮ ಬರಲ್ಲ ಎಂದು ಅರುಳ್ ಹಠ ಹಿಡಿದ. ಸರಿ, ಬೋರ್ಡನ್ನೇ ಕೆಳಗಿಳಿಸಿ ಆಕೆಯ ಪಾದದಡಿ ಜಡಿಸಿದೆ, ಮೇಲಿನಿಂದ ನೋಡಲು ಕ್ಯಾಮೆರಾ ಹಾಕಿಸಿದೆ. ಆಮೇಲೆ ಕಾಮಗಾರಿ ಮುಗಿಯುವವರೆಗೂ ಬಿಲ್ಲೆಯ ಬಗ್ಗೆ ನಾನು ಬಾಯಿ ತೆರೆಯಬೇಕಾಗಲಿಲ್ಲ. ಜನ ಕೈಮುಗಿಯುವ ಜಾಗದಲ್ಲಿಯೇ ನಿಯಮವನ್ನೂ ತೂಗುಹಾಕಬೇಕು ಎಂದು ಈ ಕೆಲಸ ನನಗೆ ಕಲಿಸಿತು. ಯಾವ ಟ್ರೇನಿಂಗಿನಲ್ಲೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಡಿಸೆಂಬರ್ ನಾಲ್ಕು, ಸಂತ ಬಾರ್ಬರಾಳ ಹಬ್ಬ. ನಿಂಗವ್ವ ಹೋಳಿಗೆ ಕಟ್ಟಿಕೊಂಡು ಬಂದಳು. ಹೆಲ್ಮೆಟ್ ಹಾಕಿಸಿ ಕೆಳಗೆ ಕರೆದೊಯ್ದೆ. ಸಂದರ್ಶಕರ ಬಿಲ್ಲೆಯನ್ನು ಕೊಕ್ಕೆಗೆ ಹಾಕಿ ಬಾರವ್ವನ ಮುಂದೆ ತುಂಬಾ ಹೊತ್ತು ನಿಂತಳು. ಹೊರಡುವಾಗ ಬಿಲ್ಲೆ ತೆಗೆಯಲು ಒಪ್ಪಲಿಲ್ಲ.

“ಇರ್ಲಿ ಬಿಡ್ರಿ ಅಕ್ಕಾರ, ನಂದೊಂದು ಆಕಿ ಹಂತ್ಯಾಕ.”

“ತಗೀವಾ ತಾಯಿ,” ಎಂದೆ. “ಅದು ಅಲ್ಲೇ ಇದ್ರ ನಿನ್ನ ಹುಡಿಕ್ಕೋತ ನಾ ಒಳಗ ಹೋಗಬೇಕಾಗ್ತದ.”

ನಿಂಗವ್ವ ನಕ್ಕು ಬಿಲ್ಲೆ ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು.

“ಹೋಗ್ತೀರಿ,” ಎಂದಳು. “ನನಗ ಗೊತ್ತದರಿ.”